ಲಾಂದ್ರ ಮೀನನ್ನು ಅದರ ದೀಪಗಳಿಂದ ಗುರುತಿಸುವ ಬಗೆ

ನಡುನೀರಿನ ಬಲೆಯನ್ನು ರಾತ್ರಿ ಹೊತ್ತು ಎಳೆದು ತಟ್ಟೆಗೆ ಸುರಿದರೆ, ಅದು ಯಾವ ಮಹಾಸಾಗರವೇ ಆಗಿರಲಿ, ಲಾಂದ್ರ ಮೀನು ಸಿಗದೆ ಹೋಗುವುದು ಅಪರೂಪ. ಮಿಕ್ಟೋಫಿಡೇ ಎಂಬ ಈ ಕುಟುಂಬದಲ್ಲಿ ಮೂವತ್ತಕ್ಕೂ ಹೆಚ್ಚು ಕುಲಗಳು, ಸುಮಾರು 250 ಪ್ರಭೇದಗಳು ಇವೆ. ಹೆಚ್ಚಿನವು 3ರಿಂದ 15 ಸೆಂಟಿಮೀಟರ್ ಉದ್ದದವು. ಕೆಲವೇ ಕೆಲವು 30 ಸೆಂಟಿಮೀಟರಿನ ಹತ್ತಿರಕ್ಕೆ ಬೆಳೆಯುತ್ತವೆ. ಆದ್ದರಿಂದ ಲಾಂದ್ರ ಮೀನನ್ನು ಹುಡುಕುವುದು ದೊಡ್ಡ ಕೆಲಸವಲ್ಲ. ತಟ್ಟೆಯಲ್ಲಿರುವ ಈ ಕಂದು ಮೀನು ಪಕ್ಕದ ಕಂದು ಮೀನಿಗಿಂತ ಹೇಗೆ ಬೇರೆ ಎಂದು ಹೇಳುವುದೇ ದೊಡ್ಡ ಕೆಲಸ. ನನ್ನ ದಿನದ ಬಹುಪಾಲು ಸೂಕ್ಷ್ಮದರ್ಶಕದ ಮುಂದೆ ಇದರಲ್ಲೇ ಕಳೆಯುತ್ತದೆ. ಈ ಬರಹ ಅದೇ ಕೆಲಸವನ್ನು ಹೊಸದಾಗಿ ಕಲಿಯಲು ಕುಳಿತವರಿಗೆ.

ಶುರುವಿನಲ್ಲೇ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಮೀನಿನ ಬಣ್ಣವನ್ನು ನಂಬಬೇಡಿ, ದೇಹದ ಆಕಾರವನ್ನು ಅರ್ಧ ನಂಬಿ, ದೀಪಗಳನ್ನು, ಅಂದರೆ ಮೈಮೇಲೆ ಬೆಳಕು ಬೀರುವ ಪುಟ್ಟ ಅಂಗಗಳನ್ನು, ಪೂರ್ತಿ ನಂಬಿ. ದೀಪಗಳಲ್ಲೂ ಹೊಟ್ಟೆಯ ಸಾಲಿಗಿಂತ ಪಕ್ಕೆಯ ಮೇಲಿರುವ ದೀಪಗಳಿಗೆ ಹೆಚ್ಚು ಸಮಯ ಕೊಡಿ. ಇದಕ್ಕೆ ಕಾರಣ ಮೀನಿನ ಬದುಕಿನಲ್ಲೇ ಇದೆ. ಮುಂದೆ ಅದಕ್ಕೆ ಬರುತ್ತೇನೆ.

ಇದು ಲಾಂದ್ರ ಮೀನು ಹೌದೇ?

ತಟ್ಟೆಯಲ್ಲಿ ದೀಪವಿರುವ ಮೀನುಗಳೆಲ್ಲ ಲಾಂದ್ರ ಮೀನುಗಳಲ್ಲ. ಮೊದಲು ಒಟ್ಟು ಮೈಕಟ್ಟನ್ನು ನೋಡಿ. ದೊಡ್ಡ ಕಣ್ಣು, ಮೊಂಡು ಮೂತಿ, ಕಣ್ಣಿನ ಹಿಂದಿನ ಅಂಚನ್ನೂ ದಾಟಿ ಹೋಗುವ ಬಾಯಿ, ಬೆನ್ನಿನ ಮೇಲೆ ಒಂದೇ ಮುಖ್ಯ ಈಜುರೆಕ್ಕೆ, ಅದರ ಹಿಂದೆ ಬಾಲದ ಕಡೆಗೆ ಕಡ್ಡಿಗಳಿಲ್ಲದ ಪುಟ್ಟ ಕೊಬ್ಬಿನ ರೆಕ್ಕೆ. ಹಲ್ಲುಗಳು ತೀರ ಸಣ್ಣವು. ಬೆರಳು ಸವರಿದರೆ ಒರಟು ಎನಿಸುತ್ತದೆಯೇ ಹೊರತು ಚುಚ್ಚುವುದಿಲ್ಲ. ಉದ್ದವಾದ ಕೋರೆಹಲ್ಲು ಕಂಡರೆ ಅದನ್ನು ಬೇರೆ ತಟ್ಟೆಗೆ ಹಾಕಿ.

ಅದೇ ಆಳದಲ್ಲಿ ಬದುಕುವ ಸೈಕ್ಲೋಥೋನ್, ವಿನ್ಸಿಗೆರಿಯಾ, ಮೌರೋಲಿಕಸ್ ಮುಂತಾದವು ಹೊಸಬರನ್ನು ಗೊಂದಲಕ್ಕೆ ಕೆಡಹುತ್ತವೆ. ಅವುಗಳಲ್ಲಿ ಹೊಟ್ಟೆಯ ಉದ್ದಕ್ಕೂ ದೀಪಗಳು ಸಾಲಾಗಿ ಹರಿಯುತ್ತವೆ. ಮೌರೋಲಿಕಸ್‌ನಲ್ಲಿ ಹಲವು ದೀಪಗಳು ಒಂದೇ ಗ್ರಂಥಿಯಲ್ಲಿ ಕೂಡಿಕೊಂಡಿರುವುದೂ ಉಂಟು. ಲಾಂದ್ರ ಮೀನಿನ ದೀಪಗಳು ಹಾಗಲ್ಲ. ಒಂದೊಂದೂ ಬಿಡಿಯಾಗಿ, ದುಂಡಗೆ, ತನ್ನದೇ ಜಾಗದಲ್ಲಿ ಕೂತಿರುತ್ತದೆ. ಹೊಟ್ಟೆಯ ಸಾಲು ಅಲ್ಲಲ್ಲಿ ತುಂಡಾಗುತ್ತದೆ, ಕೆಲವು ದೀಪಗಳು ಸಾಲು ಬಿಟ್ಟು ಪಕ್ಕೆಗೆ ಏರುತ್ತವೆ. ಈ ಒಂದು ಲಕ್ಷಣದಿಂದಲೇ ತಟ್ಟೆಯ ಮುಕ್ಕಾಲು ಪಾಲು ವಿಂಗಡಣೆ ಮುಗಿಯುತ್ತದೆ.

ಇನ್ನು ಉಳಿಯುವುದು ಹತ್ತಿರದ ನೆಂಟನಾದ ನಿಯೋಸ್ಕೋಪೆಲಿಡೇ ಕುಟುಂಬ. ಅಲ್ಲಿ ಗುದದ ರೆಕ್ಕೆ ಬೆನ್ನಿನ ರೆಕ್ಕೆಗಿಂತ ಬಹಳ ಹಿಂದೆ ಶುರುವಾಗುತ್ತದೆ. ಲಾಂದ್ರ ಮೀನಿನಲ್ಲಿ ಅದು ಬೆನ್ನಿನ ರೆಕ್ಕೆಯ ಬುಡದ ಕೆಳಗೋ ಅಥವಾ ಸ್ವಲ್ಪವೇ ಹಿಂದಕ್ಕೋ ಶುರುವಾಗುತ್ತದೆ. ಅನುಮಾನವಿದ್ದರೆ ಬಾಯಿ ತೆರೆದು ನಾಲಿಗೆಯನ್ನು ನೋಡಿ. ನಾಲಿಗೆಯ ಅಂಚಿನಲ್ಲಿ ದೀಪಗಳಿದ್ದರೆ ಅದು ನಿಯೋಸ್ಕೋಪೆಲಸ್. ಹವಳದ ದಿಬ್ಬಗಳ ಬಳಿ ಕಣ್ಣಿನ ಕೆಳಗೆ ಬೆಳಕಿನ ಚೀಲ ಹೊತ್ತು ಓಡಾಡುವ ಮೀನುಗಳೂ ಇವೆ. ಅವು ಬೆಳಗುವುದು ಸಾಕಿಕೊಂಡ ಬ್ಯಾಕ್ಟೀರಿಯಾದಿಂದ. ಲಾಂದ್ರ ಮೀನಿಗೆ ಆ ನೆರವು ಬೇಕಿಲ್ಲ. ಅದರ ಬೆಳಕು ಅದರ ಸ್ವಂತ ಜೀವಕೋಶಗಳಲ್ಲೇ, ನರಗಳ ಅಂಕೆಯಲ್ಲಿ ಹುಟ್ಟುತ್ತದೆ. ಎರಡಕ್ಕೂ ನಡುವೆ ನೆಂಟಸ್ತಿಕೆ ಇಲ್ಲ.

ಮೀನನ್ನು ನೋಡಲು ಅಣಿಗೊಳಿಸುವುದು

ಒಣಗಿದ ಮೀನಿನ ಮೇಲೆ ಏನೂ ಕಾಣುವುದಿಲ್ಲ. ಕಪ್ಪು ತಳದ ತಟ್ಟೆಯಲ್ಲಿ ಮೀನು ಮುಳುಗುವಷ್ಟು ನೀರು ಹಾಕಿ, ಎಡಪಕ್ಕ ಮೇಲೆ ಬರುವಂತೆ ಮಲಗಿಸಿ. ಮೀನಿನ ಚಿತ್ರವನ್ನು ಎಡಪಕ್ಕದಿಂದಲೇ ಬರೆಯುವುದು ಈ ವಿದ್ಯೆಯ ರೂಢಿ, ನಿಮ್ಮ ಕೈಪಿಡಿಯ ಚಿತ್ರಗಳೂ ಹಾಗೆಯೇ ಇರುತ್ತವೆ. ಅದಕ್ಕೇ ಡಿಎನ್‌ಎಗಾಗಿ ಮಾಂಸದ ಚೂರು ಬೇಕಿದ್ದರೆ ಬಲಪಕ್ಕದಿಂದ ಕತ್ತರಿಸಿ. ಆ ಚೂರನ್ನು ಮೀನು ಫಾರ್ಮಲಿನ್‌ಗೆ ಇಳಿಯುವ ಮೊದಲೇ ತೆಗೆದು, 95 ಶೇಕಡದ ಎಥೆನಾಲ್‌ನಲ್ಲಿ ಇಡಬೇಕು. ಆಮೇಲೆ ನೆನಪಾದರೆ ಪ್ರಯೋಜನ ಕಡಿಮೆ.

ಬೆಳಕನ್ನು ನೇರ ಮೇಲಿನಿಂದ ಬಿಡಬೇಡಿ. ಪಕ್ಕದಿಂದ, ತಗ್ಗಿನ ಕೋನದಲ್ಲಿ ಬಿಡಿ. ನೋಡುತ್ತಾ ನೋಡುತ್ತಾ ದೀಪದ ಕಂಬವನ್ನು ಸುತ್ತ ತಿರುಗಿಸಿ. ತಾಜಾ ಮೀನಿನಲ್ಲಿ ಯಾವುದೋ ಒಂದು ಕೋನಕ್ಕೆ ದೀಪಗಳೆಲ್ಲ ಒಮ್ಮೆಗೇ ನೀಲಿ, ನೇರಳೆ, ಹಸಿರು ಲೋಹದ ಹೊಳಪಿನಿಂದ ಎದ್ದು ಕಾಣುತ್ತವೆ. ಇದು ಮೀನು ಉರಿಸುವ ಬೆಳಕಲ್ಲ, ದೀಪದೊಳಗಿನ ಕನ್ನಡಿಯ ಹೊಳಪು. ಅಷ್ಟಾದರೂ ಆ ಗಳಿಗೆಗಾಗಿ ನಾನು ಈಗಲೂ ಕಾಯುತ್ತೇನೆ.

ಒಂದು ದೀಪವನ್ನು ನಲವತ್ತು ಪಟ್ಟು ದೊಡ್ಡದಾಗಿಸಿ ನಿಧಾನವಾಗಿ ನೋಡಿ. ಎಲ್ಲಕ್ಕಿಂತ ಮೇಲೆ ಒಂದು ಪಾರದರ್ಶಕ ಉಬ್ಬು ಇರುತ್ತದೆ. ಅದು ಮಸೂರ, ದೀಪದ ಮೇಲೆ ಹೊದ್ದುಕೊಂಡಿರುವ ಹುರುಪೆಯೇ ಅಲ್ಲಿ ದಪ್ಪವಾಗಿ ಮಸೂರವಾಗಿದೆ. ಅದರ ಕೆಳಗೆ ಬೆಳಕು ಹುಟ್ಟಿಸುವ ಜೀವಕೋಶಗಳ ಗುಂಪು. ಅದರ ಹಿಂದೆ ಗ್ವಾನೀನ್ ಹರಳುಗಳನ್ನು ಪದರ ಪದರವಾಗಿ ಜೋಡಿಸಿದ ಬಟ್ಟಲಿನಾಕಾರದ ಕನ್ನಡಿ. ಅದರ ಹಿಂದೆ, ಬೆಳಕು ಮೀನಿನ ಒಡಲಿನ ಕಡೆಗೆ ಸೋರದಂತೆ ಕಪ್ಪು ಬಣ್ಣದ ಹೊದಿಕೆ. ಬೆಳಕಿನ ರಾಸಾಯನಿಕಕ್ಕೆ ಸೀಲೆಂಟರಜೀನ್ ಎಂದು ಹೆಸರು. ಸಮುದ್ರದ ಹಲವು ಜೀವಿಗಳು ಬೆಳಗುವುದು ಇದೇ ಅಣುವಿನಿಂದ. ಹೊರಬರುವ ಬೆಳಕು ನೀಲಿ, ಅಂದರೆ ನೀರಿನಲ್ಲಿ ಬಹಳ ದೂರ ಸಾಗುವ ಬಣ್ಣ. ಒಂದು ಮಿಲಿಮೀಟರಿಗಿಂತ ಸಣ್ಣದಾದ ಜಾಗದಲ್ಲಿ ಮಸೂರ, ಉರಿಯುವ ವಸ್ತು, ಕನ್ನಡಿ, ಪರದೆ ಎಲ್ಲವೂ ಅಡಕವಾಗಿವೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಮುಂದಿನ ಎಣಿಕೆ ಬೇಸರ ತರುವುದಿಲ್ಲ.

ದೀಪಗಳನ್ನು ಓದುವ ಕ್ರಮ

ಇಂದಿಗೂ ನಾವು ಬಳಸುವ ದೀಪದ ಸಂಕೇತಗಳು ರೋಲ್ಫ್ ಬೋಲಿನ್ 1939ರಲ್ಲಿ ಪ್ರಕಟಿಸಿದ ವಿಮರ್ಶೆಯ ಮೂಲಕ ನೆಲೆ ಕಂಡವು. ಮೊದಲ ನೋಟಕ್ಕೆ ಅಕ್ಷರಗಳ ಕಾಡು ಎನಿಸಿದರೂ ಅದರ ಹಿಂದಿನ ಯೋಚನೆ ಸರಳ: ಹೆಚ್ಚಿನ ದೀಪಗಳಿಗೆ ಅವು ಇರುವ ಜಾಗದಿಂದ, ಮುಖ್ಯವಾಗಿ ಹತ್ತಿರದ ರೆಕ್ಕೆಯಿಂದ ಹೆಸರು.

ಗಂಟಲಿನಿಂದ ಬಾಲದ ಕಡೆಗೆ ಹೋಗಿ. ಗಂಟಲಿನ ಹಿಂದಿನಿಂದ ಹೊಟ್ಟೆಯ ರೆಕ್ಕೆಯ ಬುಡದವರೆಗೆ ಇರುವ ಕೆಳಸಾಲು ಪಿಒ, ಸಾಮಾನ್ಯವಾಗಿ ಐದು. ಹೊಟ್ಟೆಯ ರೆಕ್ಕೆಯಿಂದ ಗುದದ ರೆಕ್ಕೆಯ ಆರಂಭದವರೆಗೆ ವಿಒ. ಅಲ್ಲಿಂದ ಪಕ್ಕೆಯ ಮೇಲಕ್ಕೆ ಓರೆಯಾಗಿ ಏರುವ ಮೂರು ದೀಪಗಳು ಎಸ್‌ಎಒ. ಗುದದ ರೆಕ್ಕೆಯ ಬುಡದುದ್ದಕ್ಕೂ ಎಒ. ಇದು ಹೆಚ್ಚಾಗಿ ಮುಂದಿನ ತುಂಡು, ಹಿಂದಿನ ತುಂಡು ಎಂದು ಎರಡಾಗಿ ಒಡೆದಿರುತ್ತದೆ. ಆ ಒಡಕಿನ ಮೇಲ್ಭಾಗದಲ್ಲಿ, ಪಕ್ಕೆಯಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಇರುವುದು ಪೋಲ್. ಬಾಲದ ರೆಕ್ಕೆಯ ಬುಡಕ್ಕೆ ಮುಟ್ಟುವ ಕೊನೆಯ ಗುಂಪು ಪಿಆರ್‌ಸಿ. ಇವಲ್ಲದೆ ಎದೆಯ ರೆಕ್ಕೆಯ ಬುಡದ ಮೇಲೆ ಪಿಎಲ್‌ಒ, ಹೊಟ್ಟೆಯ ರೆಕ್ಕೆಯ ಮೇಲ್ಗಡೆ ಪಕ್ಕೆಯಲ್ಲಿ ವಿಎಲ್‌ಒ. ತಲೆಯಲ್ಲಿ ಮೂಗಿನ ಹೊಳ್ಳೆಯ ಮೇಲೆ ಡಿಎನ್, ಕೆಳಗೆ ವಿಎನ್.

ಎಲ್ಲವನ್ನೂ ಒಮ್ಮೆಗೇ ಬಾಯಿಪಾಠ ಮಾಡಲು ಹೋಗಬೇಡಿ. ಮೀನನ್ನು ಬಾಲದ ಕಡೆಯಿಂದ ಓದಲು ಶುರು ಮಾಡಿ, ಏಕೆಂದರೆ ಅತಿ ಹೆಚ್ಚು ವಿಷಯ ಹೇಳುವುದು ಬಾಲದ ಬುಡ. ಪಿಆರ್‌ಸಿ ಎರಡೇ ಇದೆಯೋ, ನಾಲ್ಕು ಇದೆಯೋ? ಮಿಕ್ಟೋಫಮ್, ಹೈಗೋಫಮ್, ಸಿಂಬೋಲೋಫೋರಸ್ ಕುಲಗಳಲ್ಲಿ ಎರಡು. ಡಯಾಫಸ್, ಲ್ಯಾಂಪನಿಕ್ಟಸ್ ಕುಲಗಳಲ್ಲಿ ನಾಲ್ಕು. ಮೊದಲ ಕವಲು ಇಲ್ಲೇ ಸಿಕ್ಕಿತು. ಮುಂದೆ ಪೋಲ್ ನೋಡಿ. ಮಿಕ್ಟೋಫಮ್‌ಗೆ ಒಂದು, ಹೈಗೋಫಮ್‌ಗೆ ಎರಡು. ಆಮೇಲೆ ಎಸ್‌ಎಒದ ಮೂರು ದೀಪಗಳ ನಡುವೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ಗೆರೆ ಹೆಚ್ಚುಕಡಿಮೆ ನೇರವಾಗಿದ್ದರೆ ಮಿಕ್ಟೋಫಮ್ ಕಡೆಗೆ, ನಡುವೆ ತಟ್ಟನೆ ಮುರಿದಿದ್ದರೆ ಸಿಂಬೋಲೋಫೋರಸ್ ಕಡೆಗೆ ಹೋಗಿ. ಇವೆರಡೂ ರಾತ್ರಿ ನೀರಿನ ಮೇಲ್ಮೈಗೇ ಬರುವ, ಬೆಳ್ಳಿಬಣ್ಣದ, ಚುರುಕು ಮೀನುಗಳು. ದೂರದಿಂದ ನೋಡಿ ಬೇರೆ ಮಾಡಲು ಸಾಧ್ಯವಿಲ್ಲ. ಆ ಮೂರು ದೀಪಗಳ ಬಾಗು ಮಾತ್ರ ಬೇರೆ ಮಾಡುತ್ತದೆ.

ಡಯಾಫಸ್‌ಗೆ ಹೆಚ್ಚು ಹೊತ್ತು ಮೀಸಲಿಡಿ. ಈ ಕುಟುಂಬದ ಅತಿ ದೊಡ್ಡ ಕುಲ ಅದು. ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳು ಅದೊಂದರಲ್ಲೇ ಇವೆ. ಅದನ್ನು ಕುಲದ ಮಟ್ಟಕ್ಕೆ ಗುರುತಿಸುವುದು ಸುಲಭ. ಐದು ಪಿಒ ದೀಪಗಳಲ್ಲಿ ನಾಲ್ಕನೆಯದು ಸಾಲು ಬಿಟ್ಟು ಸ್ಪಷ್ಟವಾಗಿ ಮೇಲೆ ಕೂತಿರುತ್ತದೆ, ಮೂತಿಯ ಮೇಲೆ ಕಣ್ಣಿನ ಮುಂದೆ ಡಿಎನ್, ವಿಎನ್ ದೀಪಗಳು ಚೆನ್ನಾಗಿ ಬೆಳೆದಿರುತ್ತವೆ, ಬಾಲದ ಬುಡದಲ್ಲಿ ಗ್ರಂಥಿ ಇರುವುದಿಲ್ಲ. ಪ್ರಭೇದಕ್ಕೆ ಇಳಿಯುವುದು ಮಾತ್ರ ಶ್ರಮದ ಕೆಲಸ. ವಿಎನ್ ದೀಪ ಕಣ್ಣಿನ ಕೆಳಗೆ ಎಷ್ಟು ದೂರ ಚಾಚಿದೆ, ಅದು ಡಿಎನ್ ಜೊತೆ ಕೂಡಿಕೊಂಡಿದೆಯೇ, ಪಿಎಲ್‌ಒ ಪಕ್ಕದಲ್ಲಿ ಬೆಳಗುವ ಹುರುಪೆ ಇದೆಯೇ, ಇದ್ದರೆ ಎಷ್ಟು ದೊಡ್ಡದು, ಮೇಲಿನ ದೀಪಗಳು ಪಕ್ಕದ ಗೆರೆಯಿಂದ (ಮೈಯ ಪಕ್ಕದಲ್ಲಿ ತಲೆಯಿಂದ ಬಾಲದ ಕಡೆಗೆ ಹರಿಯುವ ಗೆರೆಯಿಂದ) ಎಷ್ಟು ಕೆಳಗಿವೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಆ ದೂರವನ್ನು ಮಿಲಿಮೀಟರಿನಲ್ಲಿ ಬರೆದರೆ ಉಪಯೋಗವಿಲ್ಲ, ಮೀನು ದೊಡ್ಡದಾದಂತೆ ಅದೂ ಬದಲಾಗುತ್ತದೆ. ಒಂದು ದೀಪದ ಅಗಲವನ್ನೇ ಅಳತೆಗೋಲು ಮಾಡಿಕೊಳ್ಳಿ: ಗೆರೆಯಿಂದ ಒಂದು ದೀಪದಷ್ಟು ಕೆಳಗೆ, ಎರಡು ದೀಪದಷ್ಟು ಕೆಳಗೆ ಎಂಬಂತೆ. ಕೈಪಿಡಿಗಳೂ ಹಾಗೆಯೇ ಹೇಳುತ್ತವೆ.

ಅದಾದ ಮೇಲೆ ಕಿವಿರಿನ ಮುಚ್ಚಳ ಎತ್ತಿ, ಮೊದಲ ಕಮಾನಿನ ಮುಳ್ಳುಗಳನ್ನು ಎಣಿಸಿ. ಮೇಲಿನ ತೋಳು, ಕೋನದ ಒಂದು, ಕೆಳಗಿನ ತೋಳು ಎಂದು ಮೂರು ಭಾಗವಾಗಿ ಬರೆಯುವುದು ರೂಢಿ. ಡಯಾಫಸ್‌ನಲ್ಲಿ ಎರಡು ಪ್ರಭೇದಗಳ ನಡುವೆ ತೀರ್ಪು ಕೊಡುವುದು ಎಷ್ಟೋ ಸಲ ಈ ಎಣಿಕೆಯೇ.

ಲ್ಯಾಂಪನಿಕ್ಟಸ್ ಸಾಮಾನ್ಯವಾಗಿ ಕಡುಕಂದು, ನೀಳಕಾಯ. ಹಲವು ಪ್ರಭೇದಗಳಲ್ಲಿ ಎದೆಯ ರೆಕ್ಕೆ ಬಹಳ ಉದ್ದ. ಬಾಲದ ಬುಡದ ಮೇಲೂ ಕೆಳಗೂ ಉದ್ದನೆಯ ಬೆಳಕಿನ ಗ್ರಂಥಿಗಳು. ನೋಟೋಸ್ಕೋಪೆಲಸ್ ಅನ್ನು ದೀಪ ನೋಡದೆಯೂ ಹೇಳಬಹುದು, ಬೆನ್ನಿನ ರೆಕ್ಕೆಯ ಬುಡ ಗುದದ ರೆಕ್ಕೆಯ ಬುಡಕ್ಕಿಂತ ಉದ್ದ. ಇನ್ನು ದೀಪಗಳೇ ಇಲ್ಲದ ಲಾಂದ್ರ ಮೀನು ಕೈಗೆ ಬಂದರೆ, ಎಲ್ಲವೂ ಉದುರಿಹೋಗಿವೆ ಎಂದು ತೀರ್ಮಾನಿಸುವ ಮೊದಲು ಟಾನಿಂಗಿಕ್ಥಿಸ್ ಪೌರೋಲಿಕ್ನಸ್ ಅನ್ನು ನೆನಪಿಸಿಕೊಳ್ಳಿ. ಇಡೀ ಕುಟುಂಬದಲ್ಲಿ ಬಿಡಿ ದೀಪಗಳನ್ನು ಪೂರ್ತಿ ಕಳೆದುಕೊಂಡ ಪ್ರಭೇದ ಅದೊಂದೇ. ಆಳದಲ್ಲೇ ಉಳಿಯುವ ಮೀನು ಅದು.

ಉದುರಿದ ದೀಪಗಳು

ಕೈಪಿಡಿಯ ಚಿತ್ರದಲ್ಲಿ ಮೀನು ಪೂರ್ಣವಾಗಿರುತ್ತದೆ. ನಿಮ್ಮ ತಟ್ಟೆಯಲ್ಲಿ ಹಾಗಿರುವುದಿಲ್ಲ. ಈ ಮೀನಿನ ಹುರುಪೆಗಳು ಬಲು ಸಡಿಲ. ಬಲೆಯೊಳಗೆ ಒಂದಕ್ಕೊಂದು ಉಜ್ಜಿಕೊಂಡು ಬರುವಷ್ಟರಲ್ಲಿ ಹುರುಪೆಯೂ ಚರ್ಮವೂ ಕಿತ್ತುಹೋಗಿ, ಗುಲಾಬಿ ಮಾಂಸ ಮಾತ್ರ ಉಳಿದಿರುವ ಮೀನುಗಳೇ ಬಹಳ. ಹುರುಪೆ ಹೋದರೆ ಮಸೂರವೂ ಹೋದಂತೆ, ಮೇಲೆ ಹೇಳಿದೆನಲ್ಲ.

ಆದರೂ ಕೈಬಿಡಬೇಡಿ. ಮಸೂರ ಹೋದರೂ ಕಪ್ಪು ಬಟ್ಟಲು ಉಳಿದಿರಬಹುದು, ಬಟ್ಟಲೂ ಹೋದರೆ ಅದು ಕೂತಿದ್ದ ಕಡೆ ಸಣ್ಣ ಕುಳಿಯೋ ಕಪ್ಪು ಕಲೆಯೋ ಉಳಿದಿರಬಹುದು. ಓರೆ ಬೆಳಕಿನಲ್ಲಿ ಆ ಕುಳಿ ನೆರಳು ಬೀಳಿಸುತ್ತದೆ. ಎಡಪಕ್ಕದಲ್ಲಿ ಸಿಗದಿದ್ದನ್ನು ಬಲಪಕ್ಕದಲ್ಲಿ ಹುಡುಕಿ. ದೀಪಗಳು ಎರಡೂ ಪಕ್ಕ ಜೋಡಿಯಾಗಿರುತ್ತವೆ. ಎರಡೂ ಪಕ್ಕ ಹಾಳಾಗಿದ್ದರೆ, ಅದೇ ಬಲೆಯ ಅದೇ ಗಾತ್ರದ ಮೀನುಗಳನ್ನು ಪಕ್ಕಪಕ್ಕ ಇಟ್ಟು ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತುಂಬಿಕೊಳ್ಳಿ. ಹಾಗೆ ಮಾಡಿದ್ದರೆ ಟಿಪ್ಪಣಿಯಲ್ಲಿ ಹಾಗೆಂದು ಬರೆಯಿರಿ. ಚಿಮುಟದಿಂದ ಹಿಡಿಯುವಾಗ ಬೆನ್ನಿನ ಕಡೆ ಹಿಡಿಯಿರಿ, ಹೊಟ್ಟೆಗೆ ಎಂದೂ ಚಿಮುಟ ಹಾಕಬೇಡಿ.

ಹೊಟ್ಟೆಯ ದೀಪಕ್ಕೆ ಒಂದು ಕೆಲಸ, ಪಕ್ಕೆಯ ದೀಪಕ್ಕೆ ಇನ್ನೊಂದು

ಹಗಲಿನಲ್ಲಿ 300 ಮೀಟರಿಗಿಂತ ಕೆಳಗೆ ಇರುವ ಮೀನಿಗೆ ಮೇಲಿನಿಂದ ಮಂಕಾದ ನೀಲಿ ಬೆಳಕು ಇಳಿಯುತ್ತಿರುತ್ತದೆ. ಅದರ ಕೆಳಗಿನಿಂದ ನೋಡುವ ಬೇಟೆಗಾರನಿಗೆ ಮೀನು ಕಪ್ಪು ನೆರಳಾಗಿ ಕಾಣಬೇಕು. ಹೊಟ್ಟೆಯ ದೀಪಗಳು ಕೆಳಮುಖವಾಗಿ ಅಷ್ಟೇ ಮಂಕಾದ ನೀಲಿ ಬೆಳಕನ್ನು ಬಿಟ್ಟು ಆ ನೆರಳನ್ನು ಅಳಿಸಿಹಾಕುತ್ತವೆ. ಮೇಲಿನ ಬೆಳಕು ಹೆಚ್ಚಿದರೆ ಇವೂ ಹೆಚ್ಚುತ್ತವೆ, ಕುಗ್ಗಿದರೆ ಕುಗ್ಗುತ್ತವೆ. ಅಂದರೆ ಹೊಟ್ಟೆಯ ದೀಪ ಇರುವುದು ಕಾಣದಿರಲು. ನೆರಳು ಅಳಿಸುವ ಕೆಲಸಕ್ಕೆ ಹೊಟ್ಟೆಯ ತುಂಬ ದೀಪ ಹರಡಿದ್ದರೆ ಸಾಕು. ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಬೇರೆ ವಿನ್ಯಾಸ ಬೇಕಿಲ್ಲ.

ಪಕ್ಕೆಯ ದೀಪಗಳ ಕತೆಯೇ ಬೇರೆ. ಕೆಳಗಿನಿಂದ ನೋಡುವವನಿಗಿಂತ ಅವು ಪಕ್ಕದಲ್ಲಿ ಈಜುವವನಿಗೆ ಕಾಣುತ್ತವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲಾಂದ್ರ ಮೀನುಗಳ ದೀಪಗಳ ಜಾಗವನ್ನು ಅಳೆದು ಹೋಲಿಸಿತು. ಪಕ್ಕೆಯ ದೀಪಗಳಿಂದ ಪ್ರಭೇದಗಳನ್ನು ಬೇರ್ಪಡಿಸಬಹುದು, ಹೊಟ್ಟೆಯ ದೀಪಗಳಿಂದ ಅಷ್ಟು ಸ್ಪಷ್ಟವಾಗಿ ಆಗುವುದಿಲ್ಲ ಎಂಬುದು ಅದರ ಫಲಿತಾಂಶ. ಗೋಡೆ, ಬೆಟ್ಟ, ನದಿ ಏನೂ ಇಲ್ಲದ ನಡುನೀರಿನಲ್ಲಿ ಇಷ್ಟೊಂದು ಪ್ರಭೇದಗಳು ಹೇಗೆ ಹುಟ್ಟಿದವು ಎಂಬ ಪ್ರಶ್ನೆಗೆ ಇದು ಒಂದು ಉತ್ತರದ ದಾರಿ ತೋರಿಸುತ್ತದೆ: ತನ್ನವರನ್ನು ತನ್ನವರೆಂದು ಗುರುತಿಸಲು ಬೆಳಕಿನ ಗುರುತು ಇದ್ದಲ್ಲಿ ಗುಂಪುಗಳು ಬೇರೆಯಾಗುವುದು ಸುಲಭ. ಅದೇ ನೀರಿನಲ್ಲಿರುವ ಸೈಕ್ಲೋಥೋನ್ ಕುಲವನ್ನು ನೋಡಿ. ಸಂಖ್ಯೆಯಲ್ಲಿ ಅದನ್ನು ಮೀರಿಸುವ ಬೆನ್ನುಮೂಳೆಯ ಪ್ರಾಣಿಯ ಕುಲ ಭೂಮಿಯ ಮೇಲಿಲ್ಲ ಎಂದು ಹೇಳುತ್ತಾರೆ. ಆದರೂ ಅದರ ಪ್ರಭೇದಗಳು ಹದಿನೈದನ್ನು ಮುಟ್ಟುವುದಿಲ್ಲ. ನಾನು ಪಕ್ಕೆಯನ್ನೇ ನೋಡಿ ಎಂದು ಪಟ್ಟು ಹಿಡಿಯುವುದು ಇದಕ್ಕೇ. ಮೀನು ಮೀನನ್ನು ಗುರುತಿಸುವುದು ಎಲ್ಲಿ ನೋಡಿಯೋ, ನಾವೂ ಅಲ್ಲೇ ನೋಡುವುದು ಸರಿ.

ಗಂಡು ಹೆಣ್ಣಿನ ಗುರುತೂ ಬೆಳಕಿನಲ್ಲೇ ಇದೆ. ಮಿಕ್ಟೋಫಮ್‌ನಲ್ಲಿ ಬಾಲದ ಬುಡದ ಮೇಲ್ಗಡೆ ಬೆಳಕಿನ ಗ್ರಂಥಿ ಇದ್ದರೆ ಗಂಡು, ಕೆಳಗಡೆ ಇದ್ದರೆ ಹೆಣ್ಣು. ಮರಿಗಳಲ್ಲಿ ಎರಡೂ ಇರುವುದಿಲ್ಲ. ಡಯಾಫಸ್‌ನ ಹಲವು ಪ್ರಭೇದಗಳಲ್ಲಿ ಗಂಡಿನ ಮೂತಿಯ ದೀಪಗಳು ಹೆಣ್ಣಿನದಕ್ಕಿಂತ ದೊಡ್ಡವು. ಆದ್ದರಿಂದ ತಲೆಯ ದೀಪದ ಗಾತ್ರ ಬೇರೆ ಎಂದು ಕಂಡ ಕೂಡಲೇ ಎರಡು ಪ್ರಭೇದ ಎಂದು ಬರೆಯಬೇಡಿ. ಹೊಟ್ಟೆ ಸೀಳಿ ಲಿಂಗ ನೋಡಿ. ಆದರೆ ಲ್ಯಾಂಪಡೀನಾ ಕುಲದಲ್ಲಿ ಗಂಡಿಗೂ ಹೆಣ್ಣಿಗೂ ಬಾಲದ ಮೇಲೆ ಕೆಳಗೆ ಎರಡೂ ಕಡೆ ದೊಡ್ಡ ಗ್ರಂಥಿಗಳಿರುವುದರಿಂದ ಅಲ್ಲಿ ಈ ಗುರುತು ನಡೆಯುವುದಿಲ್ಲ.

ಎಳೆಯ ಮರಿಗಳ ಮೈಮೇಲೆ ದೀಪಗಳೇ ಬಹುತೇಕ ಇರುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಗಳು ಮೇಲ್ಪದರದ ನೀರಿನಲ್ಲಿ ಬೆಳೆದು, ರೂಪ ಬದಲಾಗುವ ಹೊತ್ತಿಗೆ ಆಳಕ್ಕೆ ಇಳಿಯುತ್ತವೆ. ದೀಪಗಳು ತುಂಬಿಕೊಳ್ಳುವುದು ಆಗಲೇ. ಅಲ್ಲಿಯವರೆಗೆ ಕಣ್ಣನ್ನು ನೋಡಬೇಕು. ಡಯಾಫಸ್, ಲ್ಯಾಂಪನಿಕ್ಟಸ್ ಕಡೆಯ ಮರಿಗಳಿಗೆ ದುಂಡು ಕಣ್ಣು, ಮಿಕ್ಟೋಫಮ್ ಕಡೆಯವಕ್ಕೆ ಕಿರಿದಾದ ಅಂಡಾಕಾರದ ಕಣ್ಣು. ಕೆಲವು ಮರಿಗಳ ಕಣ್ಣು ಪುಟ್ಟ ತೊಟ್ಟಿನ ತುದಿಯಲ್ಲಿರುತ್ತದೆ.

ಕಿವಿಕಲ್ಲು

ದೀಪ ಪೂರ್ತಿ ಕೈಕೊಟ್ಟಾಗ ಉಳಿಯುವ ದಾರಿ ಕಿವಿಕಲ್ಲು. ಮೀನಿನ ತಲೆಯೊಳಗೆ, ಮಿದುಳಿನ ಹಿಂಭಾಗದ ಕೆಳಗೆ ಎರಡೂ ಪಕ್ಕ ಸುಣ್ಣದ ಕಲ್ಲುಗಳಿವೆ. ದೊಡ್ಡ ಜೋಡಿಯನ್ನು ಸಜಿಟ ಎನ್ನುತ್ತಾರೆ; ಸಾಧಾರಣ ಗಾತ್ರದ ಮೀನಿನಲ್ಲಿ ಅದು ಸಾಸಿವೆ ಕಾಳಿನಷ್ಟಿರುತ್ತದೆ. ತಲೆಯನ್ನು ಕೆಳಗಿನಿಂದ ತೆರೆದು, ಕಿವಿರಿನ ಕಮಾನುಗಳನ್ನು ಸರಿಸಿದರೆ ತಲೆಬುರುಡೆಯ ತಳದಲ್ಲಿ ಎರಡು ಉಬ್ಬುಗಳು ಕಾಣುತ್ತವೆ. ಸೂಜಿಯ ತುದಿಯಿಂದ ಉಬ್ಬನ್ನು ಮೆಲ್ಲಗೆ ಒಡೆದರೆ ಬಿಳಿಯ ಕಲ್ಲು ತಾನಾಗಿ ಹೊರಗೆ ಜಾರುತ್ತದೆ. ನೀರಿನಲ್ಲಿ ತೊಳೆದು, ಅಂಟಿದ ಪೊರೆ ತೆಗೆದು, ಒಣಗಿಸಿ ಇಡಿ. ಅದರ ಅಂಚಿನ ಆಕಾರ, ಒಳಮೈಯ ತೋಡು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ತೆಳುವಾಗಿ ಉಜ್ಜಿ ನೋಡಿದರೆ ದಿನಕ್ಕೊಂದರಂತೆ ಕೂಡಿದ ಉಂಗುರಗಳು ಕಾಣುತ್ತವೆ. ಉಷ್ಣವಲಯದ ಪುಟ್ಟ ಪ್ರಭೇದಗಳು ಒಂದು ವರ್ಷದ ಆಸುಪಾಸಿನಲ್ಲೇ ಬದುಕು ಮುಗಿಸುತ್ತವೆ, ತಣ್ಣೀರಿನ ದೊಡ್ಡ ಪ್ರಭೇದಗಳು ಹಲವು ವರ್ಷ ಬಾಳುತ್ತವೆ ಎಂಬುದು ಈ ಉಂಗುರಗಳಿಂದ ತಿಳಿದ ಸಂಗತಿ.

ಕಿವಿಕಲ್ಲು ಬೇಟೆಗಾರರ ಹೊಟ್ಟೆಯಲ್ಲೂ ಸಿಗುತ್ತದೆ. ಮಾಂಸ ಕರಗಿದ ಮೇಲೂ ಸುಣ್ಣದ ಕಲ್ಲು ಸ್ವಲ್ಪ ಕಾಲ ಉಳಿಯುತ್ತದೆ. ದಕ್ಷಿಣ ಮಹಾಸಾಗರದ ರಾಜ ಪೆಂಗ್ವಿನ್‌ಗಳು ಕ್ರೆಫ್ಟಿಕ್ಥಿಸ್ ಆಂಡರ್ಸೋನಿ, ಎಲೆಕ್ಟ್ರೋನಾ ಕಾರ್ಲ್ಸ್‌ಬರ್ಗಿ ಎಂಬ ಲಾಂದ್ರ ಮೀನುಗಳನ್ನು ಮುಖ್ಯ ಆಹಾರ ಮಾಡಿಕೊಂಡಿವೆ ಎಂದು ಅರಿತದ್ದು ಹೊಟ್ಟೆಯಲ್ಲಿ ಸಿಕ್ಕ ಇಂತಹ ಅವಶೇಷಗಳಿಂದ. ಪಳೆಯುಳಿಕೆಗಳಲ್ಲೂ ಈ ಕುಟುಂಬದ ಚರಿತ್ರೆಯನ್ನು ಹೆಚ್ಚಾಗಿ ಹೇಳುವುದು ಕಲ್ಲುಗಳೇ.

ಆಳ ಮತ್ತು ಹೊತ್ತನ್ನು ಬರೆಯಿರಿ

ಮೀನು ಎಷ್ಟು ಆಳದಲ್ಲಿ, ಎಷ್ಟು ಹೊತ್ತಿಗೆ ಸಿಕ್ಕಿತು ಎಂಬುದೂ ಗುರುತಿಸುವಿಕೆಯ ಭಾಗವೇ. ಹೆಚ್ಚಿನ ಲಾಂದ್ರ ಮೀನುಗಳು ಹಗಲು 300ರಿಂದ 1,200 ಮೀಟರ್ ಆಳದಲ್ಲಿರುತ್ತವೆ, ಕತ್ತಲಾಗುತ್ತಲೇ ಮೇಲಿನ 100 ಮೀಟರಿಗೆ ಬಂದು ಕೋಪೆಪಾಡ್, ಕ್ರಿಲ್ ಮುಂತಾದ ಸೀಗಡಿಯ ಬಳಗದ ಪುಟ್ಟ ಜೀವಿಗಳನ್ನು ತಿಂದು, ಬೆಳಗಾಗುವ ಮೊದಲು ಮತ್ತೆ ಇಳಿಯುತ್ತವೆ. ಒಂದು ಗೇಣೂ ಇಲ್ಲದ ಮೀನಿಗೆ ಇದು ದಿನನಿತ್ಯದ ಪಯಣ. ಹುಣ್ಣಿಮೆಯ ಬೆಳಕಿದ್ದರೆ ಕೆಲವು ಪ್ರಭೇದಗಳು ಅಷ್ಟು ಮೇಲೆ ಬರುವುದಿಲ್ಲ. ಆದ್ದರಿಂದ ಟಿಪ್ಪಣಿಯಲ್ಲಿ ಚಂದ್ರನ ಸ್ಥಿತಿಗೂ ಒಂದು ಸಾಲು ಇರಲಿ. ಎಲ್ಲ ಪ್ರಭೇದಗಳೂ ಏರುವುದಿಲ್ಲ, ಏರುವ ಪ್ರಭೇದದ ಎಲ್ಲ ಮೀನುಗಳೂ ಪ್ರತಿ ರಾತ್ರಿ ಏರುವುದಿಲ್ಲ.

ಹಡಗಿನಲ್ಲಿ ಪ್ರತಿಧ್ವನಿ ಯಂತ್ರವಿದ್ದರೆ ಸಂಜೆ ಅದರ ಪರದೆಯ ಮುಂದೆ ಕೂತುಕೊಳ್ಳಿ. 38 ಕಿಲೋಹರ್ಟ್ಸ್‌ನ ಚಿತ್ರದಲ್ಲಿ ಹಗಲೆಲ್ಲ ನಾನೂರು, ಐನೂರು ಮೀಟರಿನ ಬಳಿ ಹರಡಿದ್ದ ದಟ್ಟ ಪಟ್ಟಿ, ಸೂರ್ಯ ಮುಳುಗುವ ಹೊತ್ತಿಗೆ ಓರೆಯಾಗಿ ಮೇಲೇರಲು ತೊಡಗುತ್ತದೆ. ಮೀನುಗಳ ಗಾಳಿಚೀಲ ಶಬ್ದವನ್ನು ಬಲವಾಗಿ ಹಿಂದಿರುಗಿಸುವುದರಿಂದ ಆ ಪಟ್ಟಿ ಮೂಡುತ್ತದೆ. 1942ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸಂಶೋಧನೆಯಲ್ಲಿದ್ದ ಭೌತವಿಜ್ಞಾನಿಗಳಿಗೆ ಸಮುದ್ರದ ತಳವಲ್ಲದ ಕಡೆ ತಳದಂತಹ ಪ್ರತಿಧ್ವನಿ ಬಂತು. 1945ರಲ್ಲಿ ಜೀವವಿಜ್ಞಾನಿ ಮಾರ್ಟಿನ್ ಜಾನ್ಸನ್ ಆ ಪದರ ಸಂಜೆ ಏರಿ ಬೆಳಿಗ್ಗೆ ಇಳಿಯುವುದನ್ನು ತೋರಿಸಿ, ಅದು ಜೀವಿಗಳದ್ದೇ ಎಂದು ಮನಗಾಣಿಸಿದರು. ಒಂದು ಎಚ್ಚರಿಕೆ: ಪಟ್ಟಿಯ ದಟ್ಟಣೆಯನ್ನು ನೋಡಿ ಮೀನಿನ ತೂಕವನ್ನು ಅಂದಾಜು ಮಾಡಬೇಡಿ. ಹಲವು ಪ್ರಭೇದಗಳಲ್ಲಿ ದೊಡ್ಡವಾದಂತೆ ಗಾಳಿಚೀಲ ಕುಗ್ಗುತ್ತದೆ ಅಥವಾ ಕೊಬ್ಬಿನಿಂದ ತುಂಬುತ್ತದೆ. ಅಂತಹ ಮೀನು ಯಂತ್ರಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಬಲೆಯ ಲೆಕ್ಕವೂ ಪೂರ್ತಿಯಲ್ಲ, ಏಕೆಂದರೆ ಈ ಮೀನುಗಳು ಬರುವ ಬಲೆಯನ್ನು ಕಂಡು ತಪ್ಪಿಸಿಕೊಳ್ಳುತ್ತವೆ. ನಡುನೀರಿನ ಮೀನುಗಳ ಒಟ್ಟು ತೂಕ ಸುಮಾರು 100 ಕೋಟಿ ಟನ್ ಎಂದು 1980ರಲ್ಲಿ ಅಂದಾಜಾಗಿತ್ತು. 2014ರಲ್ಲಿ ಶಬ್ದದ ಅಳತೆಗಳಿಂದ ಬಂದ ಅಂದಾಜು ಅದರ ಹತ್ತು ಪಟ್ಟು.

ಅರಬ್ಬೀ ಸಮುದ್ರದ ಬೆಂಥೋಸೆಮಾ ಟೆರೋಟಮ್ ಅನ್ನು ಇಲ್ಲಿ ಹೆಸರಿಸಲೇಬೇಕು. 7 ಸೆಂಟಿಮೀಟರನ್ನೂ ಮೀರದ ಈ ಮೀನಿನ ಅಪಾರ ರಾಶಿಯನ್ನು ಎಪ್ಪತ್ತರ ದಶಕದಿಂದ ಡಾ. ಫ್ರಿಟ್‌ಯೋಫ್ ನಾನ್ಸೆನ್ ಎಂಬ ಸಂಶೋಧನಾ ಹಡಗು ಅಳೆಯಿತು. ಹಗಲಿನಲ್ಲಿ ಅದು ಇಳಿದು ನಿಲ್ಲುವ ನೀರಿನಲ್ಲಿ ಆಮ್ಲಜನಕ ಅತ್ಯಲ್ಪ. ಬಹುಪಾಲು ಬೇಟೆಗಾರ ಮೀನುಗಳಿಗೆ ಅಲ್ಲಿ ಉಸಿರಾಡಲಾಗದು.

ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದಾದರೆ ಗಂಟಲಿನಲ್ಲಿರುವ ಆಹಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಲೆಯ ತುದಿಯಲ್ಲಿ ಸಿಕ್ಕಿಬಿದ್ದಾಗ ಮೀನುಗಳು ಪಕ್ಕದಲ್ಲಿದ್ದುದನ್ನು ನುಂಗಿರುತ್ತವೆ. ಪ್ಲಾಸ್ಟಿಕ್ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಮುಖ್ಯ. ಉತ್ತರ ಪೆಸಿಫಿಕ್‌ನ ಮಧ್ಯದ ಸುಳಿಯಲ್ಲಿ ಹಿಡಿದ, ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು ತಿನ್ನುವ ಮೀನುಗಳಲ್ಲಿ ಸುಮಾರು 35 ಶೇಕಡದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು ಎಂದು 2010ರಲ್ಲಿ ವರದಿಯಾಯಿತು. ಅವುಗಳಲ್ಲಿ ಹೆಚ್ಚಿನವು ಲಾಂದ್ರ ಮೀನುಗಳು. ಆ ಚೂರುಗಳು ಮೀನುಗಳು ತಿನ್ನುವ ಕೋಪೆಪಾಡ್‌ಗಳ ಗಾತ್ರದ್ದೇ ಆಗಿರುತ್ತವೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಕೆಡದಂತೆ ಇಡುವುದು

ಮೀನನ್ನು ಬೋರಾಕ್ಸ್ ಬೆರೆಸಿದ 10 ಶೇಕಡ ಫಾರ್ಮಲಿನ್‌ನಲ್ಲಿ ಗಟ್ಟಿಮಾಡಿ, ನೀರಿನಲ್ಲಿ ಚೆನ್ನಾಗಿ ನೆನೆಸಿ ತೊಳೆದು, 70 ಶೇಕಡ ಎಥೆನಾಲ್‌ಗೆ ವರ್ಗಾಯಿಸಿ. ಬೋರಾಕ್ಸ್ ಬಿಡಬೇಡಿ, ಫಾರ್ಮಲಿನ್ ಹುಳಿಯಾದರೆ ಕಿವಿಕಲ್ಲು ಕರಗಿಹೋಗುತ್ತದೆ. ಫಾರ್ಮಲಿನ್ ಕಣ್ಣಿಗೂ ಉಸಿರಿಗೂ ಕೆಡುಕು, ಕೈಗವಸು ಹಾಕಿ ಗಾಳಿಯಾಡುವ ಕಡೆ ಕೆಲಸ ಮಾಡಿ. ಮೀನು ನೇರವಾಗಿ ಗಟ್ಟಿಯಾಗುವಂತೆ ಮೊದಲು ಚಪ್ಪಟೆ ತಟ್ಟೆಯಲ್ಲಿ ಮಲಗಿಸಿ. ಬಾಗಿ ಗಟ್ಟಿಯಾದ ಮೀನಿನ ಎಸ್‌ಎಒ ನೇರವೋ ಓರೆಯೋ ಎಂದು ಆಮೇಲೆ ಯಾರೂ ಹೇಳಲಾರರು. ಉದ್ದವನ್ನೂ ಫೋಟೋವನ್ನೂ ತಾಜಾ ಇರುವಾಗಲೇ ತೆಗೆದುಕೊಳ್ಳಿ, ಏಕೆಂದರೆ ದ್ರವದಲ್ಲಿ ಮೀನು ಕುಗ್ಗುತ್ತದೆ, ದೀಪದ ಹೊಳಪು ಮಂಕಾಗುತ್ತದೆ. ಉದ್ದ ಅಂದರೆ ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಬುಡದವರೆಗೆ. ಬಾಲದ ರೆಕ್ಕೆ ಹೆಚ್ಚಾಗಿ ಹರಿದಿರುವುದರಿಂದ ಅದನ್ನು ಸೇರಿಸುವುದಿಲ್ಲ.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಬಲೆಯ ಜಾಗ, ದಿನಾಂಕ, ಹೊತ್ತು, ಬಲೆ ಎಳೆದ ಆಳ, ಮೀನಿನ ಉದ್ದ, ಲಿಂಗ, ಎಣಿಸಿದ ದೀಪಗಳು, ಎಣಿಸಲಾಗದ ದೀಪಗಳು ಎಲ್ಲವೂ ಅದರಲ್ಲಿರಲಿ. ಪ್ರಭೇದದ ಹೆಸರು ಖಚಿತವಿಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ, ಯಾವ ದೀಪ ಕಾಣದ ಕಾರಣ ನಿಲ್ಲಿಸಿದಿರಿ ಎಂದು ಪಕ್ಕದಲ್ಲಿ ಬರೆಯಿರಿ. ಅದೇ ಬಲೆಯ ಇನ್ನೊಂದು ಸೀಸೆಯಲ್ಲಿ ಚೆನ್ನಾಗಿ ಉಳಿದ ಮೀನು ಸಿಕ್ಕ ದಿನ, ಮುಂದೆ ನೋಡುವವರು ಅಲ್ಲಿಂದಲೇ ಕೆಲಸ ಮುಂದುವರಿಸಬಹುದು.